ಒಂದು ಓಟು ಕಡಿಮೆ: ಡಬ್ಲ್ಯುಎಚ್‌ಒ ಮುಖ್ಯಸ್ಥರ ಆಯ್ಕೆ ನಡೆಯೋದು ಹೇಗೆ?

ಪ್ರಶ್ನೆ: ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರನ್ನು ಯಾರು, ಹೇಗೆ ಆರಿಸುತ್ತಾರೆ? ಜಾಸ್ತಿ ದುಡ್ಡು ಕೊಡುವ ನಾಲ್ಕೈದು ದೇಶಗಳು ಮೊದಲೇ ಕೂತು ತೀರ್ಮಾನ ಮಾಡಿಬಿಡುತ್ತವೆ, ಓಟು ಸುಮ್ನೆ ತೋರಿಕೆಗೆ ಅಂತ ಕೇಳಿದ್ದೇನೆ. 2022ರಲ್ಲಂತೂ ಕಣದಲ್ಲಿ ಒಬ್ಬರೇ ಇದ್ದರು. ಅದನ್ನೂ ಚುನಾವಣೆ ಅನ್ನಬಹುದಾ? ಅರ್ಹತೆ ಇರುವ ಡಾಕ್ಟರು ಯಾರಾದರೂ ನೇರವಾಗಿ ಅರ್ಜಿ ಹಾಕಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಉತ್ತರ ಚಿಕ್ಕದು. ಇಲ್ಲ, ಹಾಕುವಂತಿಲ್ಲ. ಎಷ್ಟೇ ಹೆಸರು ಮಾಡಿದ ಡಾಕ್ಟರಾದರೂ ಸ್ವಂತವಾಗಿ ಅರ್ಜಿ ಹಾಕುವ ದಾರಿ ಇಲ್ಲ. ಯಾವುದಾದರೂ ಸದಸ್ಯ ದೇಶದ ಸರ್ಕಾರ ಹೆಸರು ಸೂಚಿಸಬೇಕು. ಆದರೆ ಅದು ಅಭ್ಯರ್ಥಿಯ ಸ್ವಂತ ದೇಶವೇ ಆಗಿರಬೇಕು ಎಂದೇನಿಲ್ಲ. ಈಗಿನ ಮುಖ್ಯಸ್ಥ, ಅಂದರೆ ಮಹಾ ನಿರ್ದೇಶಕ, ಟೆಡ್ರೊಸ್ ಅಧಾನೊಮ್ ಗೆಬ್ರೆಯೆಸಸ್ ಅವರನ್ನೇ ನೋಡಿ. ಎರಡನೇ ಅವಧಿಗೆ ಅವರ ಹೆಸರನ್ನು 28 ದೇಶಗಳು ಸೂಚಿಸಿದವು. ಜರ್ಮನಿ, ಫ್ರಾನ್ಸ್ ಎಲ್ಲ ಅದರಲ್ಲಿದ್ದವು. ಅವರ ಸ್ವಂತ ದೇಶ ಇಥಿಯೋಪಿಯ ಮಾತ್ರ ಇರಲಿಲ್ಲ! ಅಲ್ಲಿನ ಟಿಗ್ರೆ ಪ್ರಾಂತ್ಯದ ಬಂಡುಕೋರರಿಗೂ ಸರ್ಕಾರಕ್ಕೂ ಯುದ್ಧ ನಡೆಯುತ್ತಿದ್ದ ಕಾಲ ಅದು. ಟೆಡ್ರೊಸ್ ಟಿಗ್ರೆಯವರು. ಅವರು ಬಂಡುಕೋರರ ಪರ ಇದ್ದಾರೆ ಎಂದು ಅಲ್ಲಿನ ಸರ್ಕಾರ ಆರೋಪಿಸುತ್ತಿತ್ತು, ಅವರು ಅಲ್ಲಗಳೆಯುತ್ತಿದ್ದರು. ಮನೆಯವರೇ ಮುನಿಸಿಕೊಂಡರೂ ಊರವರು ಕೈಹಿಡಿದ ಹಾಗೆ.

ಇನ್ನೊಂದು ಮಾತು. ಡಾಕ್ಟರೇ ಆಗಿರಬೇಕು ಎಂಬ ನಿಯಮವೂ ಇಲ್ಲ. ಸಾರ್ವಜನಿಕ ಆರೋಗ್ಯದಲ್ಲಿ ಗಟ್ಟಿ ಹಿನ್ನೆಲೆ, ಅಂತರರಾಷ್ಟ್ರೀಯ ಅನುಭವ, ಆಡಳಿತ ನಡೆಸಿ ಗೊತ್ತಿರುವುದು, ಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದಾದರೂ ಚೆನ್ನಾಗಿ ಬರುವುದು, ಇವು ಕೇಳುವ ಅರ್ಹತೆಗಳು. ಟೆಡ್ರೊಸ್ ವೈದ್ಯರಲ್ಲ, ಸಮುದಾಯ ಆರೋಗ್ಯದಲ್ಲಿ ಪಿಎಚ್‌ಡಿ ಮಾಡಿದವರು. ಆ ಕುರ್ಚಿಯಲ್ಲಿ ಕೂತ ಮೊದಲ ವೈದ್ಯೇತರ ವ್ಯಕ್ತಿ ಅವರೇ. ಅಂದಹಾಗೆ, ಅಭ್ಯರ್ಥಿಯ ಆರೋಗ್ಯ ಚೆನ್ನಾಗಿರಬೇಕು ಎಂಬುದೂ ಅರ್ಹತೆಯ ಪಟ್ಟಿಯಲ್ಲಿದೆ. ಆರೋಗ್ಯ ಸಂಸ್ಥೆ ಅಲ್ವಾ!

ಈಗ ನಿಮ್ಮ ಮುಖ್ಯ ಅನುಮಾನಕ್ಕೆ ಬರೋಣ. ಎಲ್ಲ ಮೊದಲೇ ತೀರ್ಮಾನವಾಗಿರುತ್ತಾ? ಒಂದು ಕಾಲದಲ್ಲಿ ಹೆಚ್ಚುಕಡಿಮೆ ಹಾಗೇ ಇತ್ತು. ಈಗ ಅಷ್ಟಿಲ್ಲ. ಆದರೆ ಓಟಿನ ದಿನ ಎಷ್ಟು ಮುಖ್ಯವೋ, ಅದಕ್ಕೂ ನಾಲ್ಕು ತಿಂಗಳು ಮುಂಚೆ ನಡೆಯುವ ಸಣ್ಣ ಕೋಣೆಯ ಸಭೆಯೂ ಅಷ್ಟೇ ಮುಖ್ಯ. ಪತ್ರಿಕೆಗಳಲ್ಲಿ ಆ ಸಭೆಯ ಸುದ್ದಿ ಒಳಪುಟದ ಮೂಲೆಯಲ್ಲಿ ಬಂದು ಹೋಗುತ್ತದೆ. ನನ್ನ ಪ್ರಕಾರ ಆಟ ಅರ್ಧ ನಡೆದುಹೋಗುವುದು ಅಲ್ಲೇ.

ಸಂಸ್ಥೆಯ ಸಂವಿಧಾನದ 31ನೇ ವಿಧಿ ಹೇಳುವುದು ಇಷ್ಟೇ: ಕಾರ್ಯಕಾರಿ ಮಂಡಳಿ ಹೆಸರು ಸೂಚಿಸಬೇಕು, ಆರೋಗ್ಯ ಅಸೆಂಬ್ಲಿ ನೇಮಿಸಬೇಕು. ಅಸೆಂಬ್ಲಿ ಅಂದರೆ ಎಲ್ಲ ಸದಸ್ಯ ದೇಶಗಳೂ ಸೇರುವ ಮಹಾಸಭೆ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಜಿನೀವಾದಲ್ಲಿ ನಡೆಯುತ್ತದೆ. ಕಾರ್ಯಕಾರಿ ಮಂಡಳಿ ಅಂದರೆ 34 ಜನ. ಅಸೆಂಬ್ಲಿ 34 ದೇಶಗಳನ್ನು ಆರಿಸುತ್ತದೆ, ಒಂದೊಂದು ದೇಶವೂ ಆರೋಗ್ಯ ಕ್ಷೇತ್ರ ಬಲ್ಲ ಒಬ್ಬರನ್ನು ಮೂರು ವರ್ಷಕ್ಕೆ ಕಳಿಸುತ್ತದೆ. ಹೆಸರು ಹೋಗುವುದು ಮಂಡಳಿಯಿಂದ, ಮುದ್ರೆ ಬೀಳುವುದು ಅಸೆಂಬ್ಲಿಯಲ್ಲಿ. ಆ ವಿಧಿಯಲ್ಲಿ ಒಂದು ವಿಷಯ ಮಾತ್ರ ಬಿಟ್ಟುಹೋಗಿದೆ. ಮಂಡಳಿ ಎಷ್ಟು ಹೆಸರು ಕೊಡಬೇಕು? ಒಂದಾ, ಎರಡಾ, ಹತ್ತಾ? ಹೇಳಿಲ್ಲ. ಹತ್ತಿರಹತ್ತಿರ ಅರವತ್ತೈದು ವರ್ಷ ಮಂಡಳಿ ಒಂದೇ ಹೆಸರು ಕೊಟ್ಟುಕೊಂಡು ಬಂತು.

ಒಂದೇ ಹೆಸರು ಬಂದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಅಸೆಂಬ್ಲಿಯಲ್ಲಿ ಕೂತ ದೇಶಗಳ ಮುಂದೆ ಇದ್ದದ್ದು ಹೂಂ ಅನ್ನುವುದು ಇಲ್ಲಾ ಉಹೂಂ ಅನ್ನುವುದು. ನಿಜವಾದ ಸ್ಪರ್ಧೆ ಮಂಡಳಿಯ ಮುಚ್ಚಿದ ಬಾಗಿಲ ಹಿಂದೆ ಮುಗಿದುಹೋಗಿರುತ್ತಿತ್ತು. 2003ರಲ್ಲಿ ದಕ್ಷಿಣ ಕೊರಿಯಾದ ಲೀ ಜಾಂಗ್-ವೂಕ್ ಮತ್ತು ಬೆಲ್ಜಿಯಂನ ಪೀಟರ್ ಪಿಯೊಟ್ ನಡುವೆ ಜಿದ್ದಾಜಿದ್ದಿ ನಡೆಯಿತು. ಆಗ ಮಂಡಳಿಯಲ್ಲಿದ್ದವರು 32 ಜನ. ಸುತ್ತಿನ ಮೇಲೆ ಸುತ್ತು ಓಟು ಹಾಕಿ ಕೊನೆಗೆ 17-15ರಲ್ಲಿ ಲೀ ಗೆದ್ದರು. ಇಬ್ಬರು ಮನಸ್ಸು ಬದಲಿಸಿದ್ದರೆ ಇಡೀ ಸಂಸ್ಥೆಯ ಮುಖ್ಯಸ್ಥರೇ ಬೇರೆ. ಮಿಕ್ಕ ದೇಶಗಳಿಗೆ ಅದರಲ್ಲಿ ಪಾತ್ರವೇ ಇರಲಿಲ್ಲ.

ಇಷ್ಟು ಸಣ್ಣ ಗುಂಪಿನ ಕೈಯಲ್ಲಿ ಇಷ್ಟು ದೊಡ್ಡ ತೀರ್ಮಾನ ಇದ್ದರೆ ಏನು ತೊಂದರೆ? 1993ರಲ್ಲಿ ಅದು ಬಯಲಾಯಿತು. ಜಪಾನಿನ ಹಿರೋಶಿ ನಕಾಜಿಮಾ ಎರಡನೇ ಅವಧಿಗೆ ನಿಂತಿದ್ದರು. ಹಲವು ಶ್ರೀಮಂತ ದೇಶಗಳಿಗೆ ಅವರು ಬೇಡವಾಗಿದ್ದರು. ಮಂಡಳಿ 18-13ರಲ್ಲಿ ಅವರ ಹೆಸರನ್ನೇ ಮುಂದಿಟ್ಟಿತು. ಆಮೇಲೆ, ಓಟು ಹಾಕಬೇಕಾದ ಮಂಡಳಿ ಸದಸ್ಯರ ಕಡೆಗೇ ಸಂಸ್ಥೆಯ ಗುತ್ತಿಗೆಗಳು ಹೋಗಿವೆ ಎಂಬ ದೂರು ಎದ್ದಿತು. ಲೆಕ್ಕಪರಿಶೋಧಕರು ಪರಿಶೀಲನೆಗೆ ಇಳಿದರು. ನಕಾಜಿಮಾ ತಾವು ತಪ್ಪು ಮಾಡಿಲ್ಲ ಎಂದರು. ಅಸೆಂಬ್ಲಿಯಲ್ಲಿ ಅಪರೂಪಕ್ಕೆ ನಿಜವಾದ ಜಟಾಪಟಿ ನಡೆದು 93-58ರಲ್ಲಿ ಅವರ ನೇಮಕ ಆಯಿತು. ಗಮನಿಸಿ, ದುಡ್ಡಿನ ದೇಶಗಳು ಬೇಡ ಅಂದರೂ ಆಯಿತು. ನಿಮ್ಮ ಅನುಮಾನಕ್ಕೆ ಇದು ಅರ್ಧ ಉತ್ತರ.

ಆ ಕಾಲದಲ್ಲಿ ಅವಧಿಗೆ ಮಿತಿಯೂ ಇರಲಿಲ್ಲ. ಬ್ರೆಜಿಲ್‌ನ ಮಾರ್ಕೊಲಿನೊ ಕಾಂದಾವ್ 1953ರಿಂದ 1973ರ ತನಕ, ಪೂರಾ ಇಪ್ಪತ್ತು ವರ್ಷ ಕೂತರು. ಅವರ ನಂತರ ಡೆನ್ಮಾರ್ಕಿನ ಹಾಫ್ಡನ್ ಮಾಲರ್ ಹದಿನೈದು ವರ್ಷ. ಈಗ ಐದೈದು ವರ್ಷದ ಎರಡು ಅವಧಿ, ಅಷ್ಟೇ.

ಬದಲಾವಣೆ ಬಂದದ್ದು ಬೇರೊಂದು ಸಿಟ್ಟಿನಿಂದ. ಸಂಸ್ಥೆ ಜಗತ್ತನ್ನು ಆರು ವಲಯಗಳಾಗಿ ಹಂಚಿಕೊಂಡಿದೆ: ಆಫ್ರಿಕಾ, ಅಮೆರಿಕಾ ಖಂಡಗಳು, ಆಗ್ನೇಯ ಏಷ್ಯಾ, ಯುರೋಪ್, ಪೂರ್ವ ಮೆಡಿಟರೇನಿಯನ್, ಪಶ್ಚಿಮ ಪೆಸಿಫಿಕ್. 1948ರಿಂದ 2017ರವರೆಗಿನ ಮುಖ್ಯಸ್ಥರ ಪಟ್ಟಿ ತೆಗೆದು ನೋಡಿ. ಕೆನಡಾ, ಬ್ರೆಜಿಲ್, ಡೆನ್ಮಾರ್ಕ್, ಜಪಾನ್, ನಾರ್ವೆ, ದಕ್ಷಿಣ ಕೊರಿಯಾ, ಚೀನಾ. ಎಲ್ಲರೂ ಮೂರೇ ವಲಯದವರು. ರೋಗದ ಹೊರೆ ಅತಿ ಹೆಚ್ಚು ಹೊತ್ತ ಆಫ್ರಿಕಾದಿಂದ ಒಬ್ಬರೂ ಇಲ್ಲ. ಸರದಿಯ ಪ್ರಕಾರ ವಲಯಕ್ಕೊಂದು ಅವಕಾಶ ಕೊಡಿ ಎಂಬ ಒತ್ತಾಯ ವರ್ಷಗಟ್ಟಲೆ ನಡೆಯಿತು. ಸರದಿಗೆ ಒಪ್ಪಿಗೆ ಸಿಗಲಿಲ್ಲ. ಅದರ ಬದಲು 2012 ಮತ್ತು 2013ರ ಅಸೆಂಬ್ಲಿಗಳಲ್ಲಿ ನಡುದಾರಿಯೊಂದು ಸಿಕ್ಕಿತು. ಮಂಡಳಿ ಸಾಮಾನ್ಯವಾಗಿ ಮೂರು ಹೆಸರು ಕೊಡಲಿ, ಅವರಲ್ಲಿ ಒಬ್ಬರನ್ನು ಎಲ್ಲ ದೇಶಗಳೂ ಸೇರಿ ಆರಿಸಲಿ. ಜೊತೆಗೆ ಪ್ರಚಾರ ಹೇಗಿರಬೇಕು ಎಂಬ ನಡತೆ ಸಂಹಿತೆಯೂ ಬಂತು. ಸಂವಿಧಾನದ ಒಂದು ಅಕ್ಷರವನ್ನೂ ಮುಟ್ಟಬೇಕಾಗಲಿಲ್ಲ. ಬಿಟ್ಟುಹೋಗಿದ್ದ ಜಾಗದಲ್ಲಿ ಒಂದು ಅಂಕಿ ಬರೆದರು, ಅಷ್ಟೇ. ಅಷ್ಟರಲ್ಲೇ ಕುರ್ಚಿಯ ಕೀಲಿಕೈ 34 ಜನರ ಜೇಬಿನಿಂದ 194 ದೇಶಗಳ ಮೇಜಿಗೆ ಬಂತು.

ಹೊಸ ನಿಯಮದ ಮೊದಲ ಪರೀಕ್ಷೆ ನಡೆದದ್ದು 2016-17ರಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇಡೀ ವ್ಯವಸ್ಥೆ ಹೇಗೆ ಓಡುತ್ತದೆ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

2016ರ ಸೆಪ್ಟೆಂಬರ್‌ಗೆ ಹೆಸರು ಸೂಚಿಸುವ ಗಡುವು ಮುಗಿಯಿತು. ಆರು ಜನ ಕಣದಲ್ಲಿದ್ದರು: ಇಥಿಯೋಪಿಯಾದ ಟೆಡ್ರೊಸ್, ಬ್ರಿಟನ್ನಿನ ಡೇವಿಡ್ ನಬಾರೊ, ಪಾಕಿಸ್ತಾನದ ಸಾನಿಯಾ ನಿಶ್ತರ್, ಇಟಲಿಯ ಫ್ಲಾವಿಯಾ ಬುಸ್ಟ್ರೆಯೊ, ಫ್ರಾನ್ಸಿನ ಫಿಲಿಪ್ ದೂಸ್ತ್-ಬ್ಲಾಜಿ, ಹಂಗೇರಿಯ ಮಿಕ್ಲೋಶ್ ಸೋಚ್ಕಾ. ನವೆಂಬರ್‌ನಲ್ಲಿ ಎಲ್ಲರನ್ನೂ ಸದಸ್ಯ ದೇಶಗಳ ಮುಂದೆ ಕೂರಿಸಿ ಪ್ರಶ್ನೋತ್ತರ ನಡೆಸಿದರು. ಅದು ಇಂಟರ್‌ನೆಟ್‌ನಲ್ಲಿ ನೇರ ಪ್ರಸಾರವೂ ಆಯಿತು. ಸುಮ್ನೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಅದಕ್ಕೆ ಮುಂಚೆ ಅಭ್ಯರ್ಥಿ ಏನು ಮಾತಾಡಿದರು ಅಂತ ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ.

ಜನವರಿಯಲ್ಲಿ ಮಂಡಳಿ ಸೇರಿತು. ಮೊದಲು ಆರನ್ನು ಐದಕ್ಕೆ ಇಳಿಸಿದರು, ಸೋಚ್ಕಾ ಹೊರಬಿದ್ದರು. ಉಳಿದ ಐವರ ಸಂದರ್ಶನ ನಡೆಯಿತು. ಆಮೇಲೆ ಗುಪ್ತ ಮತದಾನ, ಒಬ್ಬೊಬ್ಬರೂ ಒಂದಕ್ಕಿಂತ ಹೆಚ್ಚು ಹೆಸರಿಗೆ ಓಟು ಹಾಕುವಂಥದ್ದು. ಟೆಡ್ರೊಸ್‌ಗೆ 30, ನಿಶ್ತರ್‌ಗೆ 28, ನಬಾರೊಗೆ 18. ಇಬ್ಬರು ಯುರೋಪಿಯನ್ನರು ಮನೆಗೆ ಹೋದರು. ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೇ 23, 2017. ಜಿನೀವಾದ ಪ್ಯಾಲೇ ದೆ ನಾಸ್ಯೋಂ ಭವನ. ಮೂವರೂ ಸಣ್ಣ ಭಾಷಣ ಮಾಡಿದರು. ಆಮೇಲೆ ಬಾಗಿಲು ಮುಚ್ಚಿದ ಸಭೆ. ಮತಯಂತ್ರ ಇಲ್ಲ, ಕಾಗದದ ಚೀಟಿ. ದೊಡ್ಡ ದೇಶವಾಗಲಿ, ಸಣ್ಣ ದೇಶವಾಗಲಿ, ಪೆಟ್ಟಿಗೆಗೆ ಬೀಳುವುದು ಒಂದೇ ಚೀಟಿ. ನೂರಾನಲವತ್ತು ಕೋಟಿ ಜನರ ಚೀನಾದ್ದೂ ಒಂದು, ಎರಡು ಸಾವಿರ ಜನವೂ ಇಲ್ಲದ ನಿಯುವೆ ದ್ವೀಪದ್ದೂ ಒಂದು. ವಿಶ್ವಸಂಸ್ಥೆಯ ಸದಸ್ಯತ್ವವೇ ಇಲ್ಲದ ನಿಯುವೆ, ಡಬ್ಲ್ಯುಎಚ್‌ಒದಲ್ಲಿ ಪೂರ್ಣ ಸದಸ್ಯ ದೇಶ. ಎರಡು ವರ್ಷ ಅಥವಾ ಅದಕ್ಕೂ ಜಾಸ್ತಿ ಚಂದಾ ಬಾಕಿ ಉಳಿಸಿಕೊಂಡ ದೇಶದ ಓಟಿನ ಹಕ್ಕನ್ನು ಅಮಾನತಿನಲ್ಲಿಡಬಹುದು. ದುಡ್ಡಿಗೂ ಓಟಿಗೂ ನೇರ ಸಂಬಂಧ ಅಂತ ಇದ್ದರೆ ಅದು ಇಷ್ಟೇ.

ಗೆಲ್ಲಲು ಹಾಜರಿದ್ದು ಓಟು ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು. ಮೊದಲ ಸುತ್ತಿನಲ್ಲಿ ಟೆಡ್ರೊಸ್ 95, ನಬಾರೊ 52, ನಿಶ್ತರ್ 38. ಒಟ್ಟು 185. ಮೂರನೇ ಎರಡು ಭಾಗ ಅಂದರೆ 124. ಯಾರಿಗೂ ಸಿಗಲಿಲ್ಲ. ಕೊನೆಯಲ್ಲಿದ್ದವರು ಹೊರಗೆ, ಅಂದರೆ ನಿಶ್ತರ್. ಈಗ ಜನವರಿಯ ಅಂಕಿಗಳ ಜೊತೆ ಹೋಲಿಸಿ ನೋಡಿ. ಮಂಡಳಿಯಲ್ಲಿ ನಿಶ್ತರ್ ಎರಡನೆಯವರು, ನಬಾರೊ ತೀರಾ ಹಿಂದೆ. ಅಸೆಂಬ್ಲಿಯಲ್ಲಿ ಉಲ್ಟಾ! ಇದರಲ್ಲಿ ಮೋಸವೇನೂ ಇಲ್ಲ. ಜನವರಿಯಲ್ಲಿ ಇದ್ದದ್ದು ಯಾವ ಮೂವರು ಒಳಗೆ ಬರಬೇಕು ಎಂಬ ಪ್ರಶ್ನೆ, ಮೇನಲ್ಲಿ ಇದ್ದದ್ದು ಯಾರು ಗೆಲ್ಲಬೇಕು ಎಂಬ ಪ್ರಶ್ನೆ. ಎಲ್ಲರಿಗೂ ಎರಡನೇ ಇಷ್ಟವಾದವರು ಮೊದಲ ಪ್ರಶ್ನೆಯಲ್ಲಿ ಮೇಲೆ ಬರುತ್ತಾರೆ, ಎರಡನೆಯದರಲ್ಲಿ ಕೆಳಗೆ ಜಾರುತ್ತಾರೆ.

ಎರಡನೇ ಸುತ್ತು. ಟೆಡ್ರೊಸ್ 121, ನಬಾರೊ 62. ಕೂಡಿದರೆ 183. ಅದರ ಮೂರನೇ ಎರಡು ಭಾಗ ಸರಿಯಾಗಿ 122. ಒಂದು ಓಟು ಕಡಿಮೆ! ಎದುರಾಳಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಓಟು ಬಿದ್ದರೂ ಗೆಲುವು ಕೈಗೆ ಬರಲಿಲ್ಲ. ಖಾಲಿ ಚೀಟಿ, ತಟಸ್ಥ ಚೀಟಿ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಬಾರೊ ಕಡೆಯ ಎರಡು ದೇಶ ತಟಸ್ಥವಾಗಿದ್ದರೂ ಅಲ್ಲೇ ಮುಗಿದುಹೋಗುತ್ತಿತ್ತು. ಮೂರನೇ ಸುತ್ತಿಗೆ ಮಿತಿ ಇಳಿಯುತ್ತದೆ, ಬಹುಮತ ಸಾಕು. ಅಲ್ಲಿ ಟೆಡ್ರೊಸ್ 133, ನಬಾರೊ 50. ಹನ್ನೆರಡು ಓಟು ಒಂದೇ ಏಟಿಗೆ ಈ ಕಡೆ ವಾಲಿದವು. ಗೆಲ್ಲುವ ಕುದುರೆ ಯಾವುದು ಅಂತ ಗೊತ್ತಾದ ಮೇಲೆ ಎಲ್ಲ ಕಡೆಯೂ ನಡೆಯುವುದು ಇದೇ ಅಲ್ವಾ?

ಆಫ್ರಿಕಾದ ಮೊದಲ ಮಹಾ ನಿರ್ದೇಶಕ ಆಯ್ಕೆಯಾದದ್ದು ಹೀಗೆ. ಇದು ಆ ದಿನ ಆದ ಪವಾಡ ಅಲ್ಲ. ಆಫ್ರಿಕಾ ಒಕ್ಕೂಟ 2016ರ ಆರಂಭದಲ್ಲೇ ಟೆಡ್ರೊಸ್ ಹೆಸರಿಗೆ ಬೆಂಬಲ ಘೋಷಿಸಿತ್ತು. ಐವತ್ತರ ಆಸುಪಾಸಿನ ಓಟಿನ ಗಂಟನ್ನು ಹಿಡಿದು ಕಣಕ್ಕಿಳಿದವರು ಅವರು. ಬೇರೆ ಅಭ್ಯರ್ಥಿಗಳು ಶೂನ್ಯದಿಂದ ಎಣಿಸಬೇಕಿತ್ತು. ಬ್ರಿಟನ್ ಸಂಸ್ಥೆಗೆ ದೊಡ್ಡ ಮೊತ್ತ ಕೊಡುವ ದೇಶ, ನಬಾರೊ ಎಬೋಲಾ ಕಾಲದಲ್ಲಿ ವಿಶ್ವಸಂಸ್ಥೆಯ ಪರವಾಗಿ ಕೆಲಸ ಮಾಡಿ ಹೆಸರಾದವರು. ಆದರೂ 50 ಓಟು. ದುಡ್ಡಿನ ದೇಶಗಳೇ ಆರಿಸುತ್ತವೆ ಅನ್ನುವವರು ಈ ಲೆಕ್ಕಕ್ಕೆ ಏನು ಹೇಳುತ್ತಾರೋ ನೋಡಬೇಕು.

ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯ ಆಯ್ಕೆ ಹೀಗಲ್ಲ. ಅಲ್ಲಿ ಭದ್ರತಾ ಮಂಡಳಿಯ ಐದು ಕಾಯಂ ದೇಶಗಳಲ್ಲಿ ಒಂದು ಬೇಡ ಅಂದರೂ ಆ ಹೆಸರು ಮುಂದೆ ಹೋಗುವುದಿಲ್ಲ. ಡಬ್ಲ್ಯುಎಚ್‌ಒದಲ್ಲಿ ಯಾರಿಗೂ ವೀಟೊ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ನಿಮ್ಮ ಪ್ರಶ್ನೆಯಲ್ಲಿರುವಂಥ ಗೊಂದಲ ಹುಟ್ಟುವುದು ಅಂತ ನನಗೆ ಅನ್ನಿಸುತ್ತದೆ.

ಹಾಗಂತ ದುಡ್ಡಿಗೆ ಬೆಲೆಯೇ ಇಲ್ಲ ಅನ್ನುತ್ತಿಲ್ಲ. ದುಡ್ಡು ಕೆಲಸ ಮಾಡುವುದು ಓಟು ಮುಗಿದ ಮೇಲೆ. ಸಂಸ್ಥೆಯ ಬಜೆಟ್‌ನಲ್ಲಿ ದೇಶಗಳು ಕಡ್ಡಾಯವಾಗಿ ಕೊಡುವ ಚಂದಾ ಹಲವು ವರ್ಷ ಐದನೇ ಒಂದು ಭಾಗಕ್ಕೂ ಕಡಿಮೆ ಇತ್ತು. ಮಿಕ್ಕಿದ್ದು ಇಷ್ಟಪಟ್ಟು ಕೊಡುವ ದುಡ್ಡು. ಅದರಲ್ಲಿ ಬಹುಪಾಲು ಇಂಥದ್ದೇ ಕೆಲಸಕ್ಕೆ ಅಂತ ಕಟ್ಟಿ ಕೊಡುವಂಥದ್ದು. ಗೇಟ್ಸ್ ಫೌಂಡೇಶನ್‌ಗೆ ಅಸೆಂಬ್ಲಿಯಲ್ಲಿ ಒಂದು ಓಟೂ ಇಲ್ಲ, ಆದರೆ ಅತಿ ಹೆಚ್ಚು ಕೊಡುವವರ ಪಟ್ಟಿಯಲ್ಲಿ ಅದು ವರ್ಷಗಳಿಂದ ಮೇಲಿದೆ. ಗೆದ್ದು ಬಂದ ಮುಖ್ಯಸ್ಥರು ಮೊದಲ ವಾರದಲ್ಲೇ ಯಾರಿಗೆಲ್ಲ ಫೋನ್ ಮಾಡಬೇಕಾಗುತ್ತದೆ ಅಂತ ಯೋಚಿಸಿ. ಕಡ್ಡಾಯ ಚಂದಾದ ಪಾಲನ್ನು ಹಂತಹಂತವಾಗಿ ಬಜೆಟ್‌ನ ಅರ್ಧಕ್ಕೆ ಏರಿಸುವ ಗುರಿಗೆ 2022ರ ಅಸೆಂಬ್ಲಿ ಒಪ್ಪಿದ್ದು ಇದೇ ಕಾರಣಕ್ಕೆ.

ಇನ್ನೊಂದು ಮಿತಿಯೂ ಇದೆ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಆರು ವಲಯಗಳ ನಿರ್ದೇಶಕರನ್ನು ಮಹಾ ನಿರ್ದೇಶಕರು ತಮಗೆ ಬೇಕಾದ ಹಾಗೆ ನೇಮಿಸುವಂತಿಲ್ಲ. ಆಯಾ ವಲಯದ ದೇಶಗಳೇ ಓಟು ಹಾಕಿ ಹೆಸರು ಕಳಿಸುತ್ತವೆ, ಮಂಡಳಿ ನೇಮಿಸುತ್ತದೆ. ಅಮೆರಿಕಾ ಖಂಡಗಳ ವಲಯ ಕಚೇರಿಯಂತೂ ಡಬ್ಲ್ಯುಎಚ್‌ಒಗಿಂತ ಹಳೆಯದು, 1902ರಲ್ಲಿ ಹುಟ್ಟಿದ ಸಂಸ್ಥೆಯ ಮುಂದುವರಿಕೆ. ಜಿನೀವಾದ ಮಾತನ್ನು ಅವರೆಲ್ಲ ಕೇಳಲೇಬೇಕು ಅನ್ನುವ ಸ್ಥಿತಿ ಇಲ್ಲ. ಅವರ ಕುರ್ಚಿಯ ಬೇರು ಬೇರೆ ಕಡೆ ಇದೆ.

ಈಗ 2022ಕ್ಕೆ ಬರೋಣ. ಒಬ್ಬರೇ ಅಭ್ಯರ್ಥಿ. ಆದರೂ ಮಂಡಳಿ ಹೆಸರು ಸೂಚಿಸಿತು, ಅಸೆಂಬ್ಲಿ ಗುಪ್ತ ಮತದಾನ ಮಾಡಿತು, 160ರಲ್ಲಿ 155 ಓಟು ಬಿದ್ದವು. ಅವಿರೋಧ ಅಂತ ಚಪ್ಪಾಳೆ ತಟ್ಟಿ ಮುಗಿಸಬಹುದಿತ್ತಲ್ಲ ಅಂತ ಕೇಳಬಹುದು. ಗುಪ್ತ ಓಟಿಗೆ ಒಂದು ಬೆಲೆ ಇದೆ. ಸಭೆಯಲ್ಲಿ ಎದ್ದು ನಿಂತು ಬೇಡ ಅನ್ನಲು ಯಾವ ದೇಶಕ್ಕೂ ಧೈರ್ಯ ಸಾಲದು, ನಾಳೆ ಅದೇ ಸಂಸ್ಥೆಯ ಜೊತೆ ಕೆಲಸ ಮಾಡಬೇಕು. ಚೀಟಿಯಲ್ಲಾದರೆ ಹೇಳಬಹುದು. ಐದು ದೇಶಗಳು ಟೆಡ್ರೊಸ್‌ಗೆ ಓಟು ಕೊಡಲಿಲ್ಲ, ಯಾವುವು ಅಂತ ಹೊರಗೆ ಬರಲಿಲ್ಲ. ಆದರೆ ಒಂದು ಒಪ್ಪುತ್ತೇನೆ: ಅದನ್ನು ಸ್ಪರ್ಧೆ ಅನ್ನಲಾಗದು. ಕೋವಿಡ್ ಮಧ್ಯೆ ಇದ್ದ ಮುಖ್ಯಸ್ಥರನ್ನು ಬದಲಿಸಲು ಯಾರೂ ಮುಂದೆ ಬರಲಿಲ್ಲ. ಕುರ್ಚಿಯಲ್ಲಿ ಇರುವವರು ಮತ್ತೆ ನಿಂತರೆ ಎದುರಾಳಿ ಸಿಗುವುದು ಕಷ್ಟ. ಈ ಕೊರತೆಗೆ ಮೂರು ಹೆಸರಿನ ನಿಯಮದಲ್ಲಿ ಮದ್ದಿಲ್ಲ. ಹೆಸರೇ ಬರದಿದ್ದರೆ ಮಂಡಳಿ ಎಲ್ಲಿಂದ ತರುತ್ತದೆ? ಆರೇಳು ವರ್ಷದ ಒಂದೇ ಅವಧಿ ಕೊಟ್ಟು ಮರು ಆಯ್ಕೆ ನಿಲ್ಲಿಸಿದರೆ ವಾಸಿ ಅನ್ನುವವರ ಪಕ್ಷ ನಾನು.

ಗುಪ್ತ ಓಟಿಗೆ ಇನ್ನೊಂದು ಮುಖವೂ ಇದೆ. ಮೂವರಿಗೂ ಮಾತು ಕೊಟ್ಟು ಒಬ್ಬರಿಗೆ ಹಾಕಬಹುದು, ಯಾರೂ ಹಿಡಿಯಲಾರರು. ಅದಕ್ಕೇ ಪ್ರಚಾರದವರು ತಮಗೆ ಬಂದ ಭರವಸೆಗಳನ್ನು ಎಣಿಸಿ, ಅದರಲ್ಲಿ ಒಂದಷ್ಟು ಕಳೆದೇ ಲೆಕ್ಕ ಹಾಕಬೇಕು. ಜೊತೆಗೆ, ತನ್ನ ದೇಶದ ಓಟು ಯಾರಿಗೆ ಹೋಯಿತು ಅಂತ ಅಲ್ಲಿನ ಪ್ರಜೆಗೂ ಗೊತ್ತಾಗುವುದಿಲ್ಲ. ಆರೋಗ್ಯ ಸಚಿವರನ್ನು ಕೇಳಿದರೆ ಅವರು ಹೇಳಬೇಕೆಂದೇನೂ ಇಲ್ಲ.

ಅವಧಿಯ ನಡುವೆ ಮುಖ್ಯಸ್ಥರಿಗೆ ಏನಾದರೂ ಆದರೆ? ಅದೂ ಆಗಿದೆ. 2006ರ ಮೇ 22, ಅಸೆಂಬ್ಲಿ ಶುರುವಾಗಬೇಕಿದ್ದ ದಿನ ಬೆಳಗ್ಗೆ ಲೀ ಜಾಂಗ್-ವೂಕ್ ತೀರಿಕೊಂಡರು. ಎರಡು ದಿನ ಮುಂಚೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಶಸ್ತ್ರಚಿಕಿತ್ಸೆ ಆಗಿತ್ತು. ಪ್ರತಿನಿಧಿಗಳು ಸಭೆಗೆ ಬಂದು ಕೂತಾಗ ಕೇಳಿದ್ದು ಆ ಸುದ್ದಿಯನ್ನೇ. ಸ್ವೀಡನ್ನಿನ ಆಂಡರ್ಸ್ ನೂರ್ಡ್‌ಸ್ಟ್ರೋಮ್ ಹಂಗಾಮಿಯಾಗಿ ಕೆಲಸ ನೋಡಿಕೊಂಡರು. ಅದೇ ನವೆಂಬರ್‌ನಲ್ಲಿ ವಿಶೇಷ ಸಭೆ ಕರೆದು ಚೀನಾದ ಮಾರ್ಗರೆಟ್ ಚಾನ್ ಅವರನ್ನು ಆರಿಸಿದರು. ಮಂಡಳಿಯ ಕೊನೆಯ ಸುತ್ತಿನಲ್ಲಿ ಅವರಿಗೆ 24, ಮೆಕ್ಸಿಕೊದ ಹುಲಿಯೊ ಫ್ರೆಂಕ್‌ಗೆ 10 ಓಟು. ಒಂದೇ ಹೆಸರಿನ ಪದ್ಧತಿಯ ಕೊನೆಯ ಪೈಪೋಟಿ ಅದು.

ಟೆಡ್ರೊಸ್ ಅವರ ಎರಡನೇ ಅವಧಿ 2027ರ ಆಗಸ್ಟ್‌ನಲ್ಲಿ ಮುಗಿಯುತ್ತದೆ, ಮತ್ತೆ ನಿಲ್ಲುವಂತಿಲ್ಲ. ಹಾಗಾಗಿ ಈ ಸಲ ಕಣ ಖಾಲಿ ಇರುವುದಿಲ್ಲ. ಓಟುದಾರರ ಪಟ್ಟಿಯೂ ಹಳೆಯದಲ್ಲ. ಸಂಸ್ಥೆ ಬಿಡುವುದಾಗಿ ಅಮೆರಿಕ 2025ರ ಜನವರಿಯಲ್ಲಿ ಘೋಷಿಸಿತು, ಅರ್ಜೆಂಟೀನಾ ಅದರ ಬೆನ್ನಿಗೇ. ಇಷ್ಟು ದಿನ ಅತಿ ದೊಡ್ಡ ಮೊತ್ತ ಕೊಡುತ್ತಿದ್ದ ದೇಶವನ್ನು ಬಿಟ್ಟು ನಡೆಯುವ ಆಯ್ಕೆ ಇದು. ಮೇ ತಿಂಗಳ ಅಸೆಂಬ್ಲಿಯ ಫಲಿತಾಂಶ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತದೆ, ಅದನ್ನು ಹುಡುಕಬೇಕಿಲ್ಲ. ನೀವು ಹುಡುಕಬೇಕಾದದ್ದು 2027ರ ಜನವರಿಯ ಮಂಡಳಿ ಸಭೆಯ ಸುದ್ದಿ. ಯಾವ ಮೂರು ಹೆಸರು ಒಳಗೆ ಬಂದವು ಅಂತ ಎಲ್ಲರೂ ಬರೆಯುತ್ತಾರೆ. ನೀವು ಹೊರಬಿದ್ದವರ ಹೆಸರನ್ನೂ ಓದಿ, ಅವರು ಯಾವ ವಲಯದವರು ಅಂತ ನೋಡಿ. ಪೂರ್ವ ಮೆಡಿಟರೇನಿಯನ್ ಮತ್ತು ಆಗ್ನೇಯ ಏಷ್ಯಾ ವಲಯಗಳಿಂದ ಇವತ್ತಿನವರೆಗೆ ಯಾರೂ ಆ ಕುರ್ಚಿ ಏರಿಲ್ಲ.